ಹುಳುಮನೆಯ ಕೆಂಚಮ್ಮ

ಹಾರೋಹಳ್ಳಿಯ ಆಸುಪಾಸಿನಲ್ಲಿ ಕೆಂಚಮ್ಮನ ಮೂಗಿಗೆ ಹೆದರದವರಿಲ್ಲ. ರೇಷ್ಮೆಹುಳುವಿನ ಮನೆಯ ಬಾಗಿಲಿಗೆ ಅಡ್ಡಲಾಗಿ ನಿಂತು, ಒಳಹೋಗುವವರನ್ನು ಮೊದಲು ಮೂಸಿ, ಆಮೇಲೆ ಮಾತಾಡಿಸುವುದು ಆಕೆಯ ಪದ್ಧತಿ. ಬೀಡಿ, ಊದುಬತ್ತಿ, ಸೊಳ್ಳೆಬತ್ತಿ, ಯಾವುದರ ಸುಳಿವು ಸಿಕ್ಕರೂ ಒಡಹುಟ್ಟಿದ ತಮ್ಮನಿಗೂ ಪ್ರವೇಶವಿಲ್ಲ. ಮದುವೆಯ ದಿನ ಸೆಂಟು ಬಳಿದುಕೊಂಡು ಅತ್ತ ಸುಳಿದ ಮಗನನ್ನೇ "ಓಗ್, ಮೊದ್ಲು ನೀರುಯ್ಕೊಂಡ್ ಬಾರ್ಲಾ" ಎಂದು ಬಚ್ಚಲಿಗೆ ಅಟ್ಟಿದ ಮಹಾತಾಯಿ ಈಕೆ.

ಗಿಡ್ಡ ದೇಹ, ಬಿರುಸು ನಡಿಗೆ. ಸೊಂಟಕ್ಕೆ ಸಿಕ್ಕಿಸಿದ ಸೆರಗು ಸಂಜೆಯವರೆಗೂ ಇಳಿಯದು. ಪಕ್ಕದ ಹೊಲದ ವೆಂಕಟಯ್ಯ ಟೊಮೆಟೊಗೆ ಔಷಧಿ ಹೊಡೆದು, ಗಾಳಿ ಇತ್ತ ಬೀಸಿತೆಂದರೆ, ಆಕೆ ಹಿಪ್ಪುನೇರಳೆ ಸೊಪ್ಪನ್ನು ನೇರವಾಗಿ ಹುಳುಗಳಿಗೆ ಹಾಕುವುದಿಲ್ಲ. ಹಿಡಿಯಷ್ಟು ಹುಳುಗಳನ್ನು ಬೇರೆ ಮೊರದಲ್ಲಿಟ್ಟು, ಅವಕ್ಕೆ ಉಣಿಸಿ ಕಾಯುತ್ತಾಳೆ. ಅವು ತಲೆ ಒದರಿ, ಹಸಿರು ಕಾರಿ ಮುದುಡಿಕೊಂಡರೆ ಆ ಸೊಪ್ಪಿನ ಹೊರೆ ಹುಳುಮನೆಯ ಹೊಸಿಲು ದಾಟದು. ಹಾಗೆಂದು ಬೆವರು ಸುರಿಸಿ ಕೊಯ್ದದ್ದನ್ನು ತಿಪ್ಪೆಗೆ ಎಸೆಯುವುದುಂಟೆ? ಅದು ಕೊಟ್ಟಿಗೆಯ ಹಸುವಿಗೆ. "ಅದೇನ್ ಹುಳನಾ, ಒಸಿ ವಾಸ್ನೆಗೆಲ್ಲ ಸಾಯಕ್ಕೆ?" ಎನ್ನುತ್ತಾಳೆ.

ಈ ಪದ್ಧತಿಗೆ ಮೊದಲ ಸಲ ಅಡ್ಡ ಬಂದವಳು ಸೊಸೆ ಲತಾಮಣಿ. ಆಗಷ್ಟೇ ಎದೆಹಾಲು ಬಿಟ್ಟಿದ್ದ ತನ್ನ ಮಗಳಿಗೆ ಅತ್ತೆ ಅದೇ ಹಸುವಿನ ಹಾಲು ಕಾಯಿಸಿ ಬಗ್ಗಿಸುತ್ತಿದ್ದಾಗ ಲೋಟಕ್ಕೆ ಕೈ ಅಡ್ಡವಿಟ್ಟಳು.

"ಹುಳ ಬ್ಯಾಡ ಅಂದಿದ್ ಸೊಪ್ಪ ಹಸೂಗಾಕ್ತೀಯ. ಆ ಹಸೂನ್ ಆಲ ಯಾರಿಗ್ ಕುಡಿಸ್ತಿದ್ದೀಯ ಅತ್ತೆ?"

ಕೆಂಚಮ್ಮ ಪಾತ್ರೆ ಕೆಳಗಿಟ್ಟಳು. ಮೊಮ್ಮಗಳ ಮುಖ ನೋಡಿ ಆಕೆಗೆ ಭಯವಾಯಿತು. ಅಂದು ಸಂಜೆ ಕರೆದ ಹಾಲನ್ನೆಲ್ಲ ಕ್ಯಾನಿಗೆ ಸುರಿದು ಡೈರಿಗೆ ಹಾಕಿದಳು. ಬರುವಾಗ ಅಂಗಡಿಯಿಂದ ಮಗುವಿಗೆಂದು ಪ್ಯಾಕೆಟ್ ಹಾಲು ತಂದಳು. "ಇದು ಕಿಲೀನಾಗೈತೆ, ಕುಡೀಲಿ ಬುಡು" ಎಂದಳು.

ಆಕೆಯನ್ನು ಕೆಟ್ಟವಳೆನ್ನಲು ಬಾಯಿ ಬಾರದು. ತಮ್ಮವರಿಗೆ ಪ್ರಾಣ ಕೊಡುವ, ತಮ್ಮ ಹೊಸಿಲು ಕಾಯುವುದರಲ್ಲಿ ಎಂದೂ ಕಣ್ಣು ಮುಚ್ಚದ ಇಂಥವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಮನೆಯಿಂದಾಚೆ ಹೋದ ವಿಷ ಲೋಕದಿಂದಲೇ ಹೋಯಿತೆಂದು ನಂಬಿ ನೆಮ್ಮದಿಯಿಂದ ಮಲಗುತ್ತಾರೆ. ಬೆಳಗಾದರೆ ಒಬ್ಬರು ಕಳಿಸಿದ ಹಾಲನ್ನು ಇನ್ನೊಬ್ಬರ ಮಕ್ಕಳು ಕುಡಿಯುತ್ತಾರೆ.