ತಂತಿ ಕಿತ್ತರೆ ಬರುವ ಖಾಲಿ ಚೀಟಿ

ಕಂಡವರ ಕೆಲಸಕ್ಕೆಲ್ಲ ಕೊಕ್ಕೆ ಹಾಕುವ ಕೊಕ್ಕೆಯಕ್ಕನ ಚುರುಕು ಎಂಥದ್ದೆಂದರೆ, ಮೂರು ಮಹಡಿ ಕೆಳಗೆ ಯಾರೋ ತಪ್ಪು ಕೋಡ್ ಬರೆದರೆ ಇಲ್ಲಿ ಅವಳಿಗೆ ಸೀನು ಬರುತ್ತಿತ್ತು. ರೋಗಿಗೆ ಹನಿಹನಿಯಾಗಿ ಔಷಧಿ ಇಳಿಸುವ ಡ್ರಿಪ್ ಪಂಪಿನ ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಲು ನಾನೂರ ಹನ್ನೆರಡು ಪರೀಕ್ಷೆ ಹೆಣೆದವಳೂ ಅವಳೇ. ಎಲ್ಲವೂ ಹಸಿರು, ಅಂದರೆ ಪಾಸು. ಅಂದು ನಾಲ್ಕು ಗಂಟೆಗೆ ಪಂಪು ಆಸ್ಪತ್ರೆಗೆ ಹೊರಡಬೇಕು. ನಾಳೆ ಅಲ್ಲಿ ಆ ಪಂಪನ್ನು ಅವಳ ಅಪ್ಪನಿಗೇ ಹಚ್ಚುವವರಿದ್ದರು.

ಮಧ್ಯಾಹ್ನ ಆಸ್ಪತ್ರೆಯಿಂದ ಅಪ್ಪ ಫೋನ್ ಮಾಡಿದ್ದೇ ಕೆಲಸ ಕೆಟ್ಟಿತು.

"ಮಗಳೇ, ಆ ಹೊಸ ಮೆಷಿನ್ನಿನ ತಂತಿ ಕಿತ್ರೆ ಏನಾಗತ್ತೆ?"

"ಇಡೀ ವಾರ್ಡು ಎದ್ದು ಕೂರೋ ಹಾಗೆ ಕೂಗತ್ತೆ. ಯಾಕಪ್ಪಾ, ಕೀಳ್ತೀರಾ?"

"ಸುಮ್ನೆ ಕೇಳ್ದೆ ಕಣೇ."

ಅಪ್ಪ ಸುಮ್ಮನೆ ಕೇಳುವವರಲ್ಲ. ರೇಡಿಯೋದಿಂದ ಮಿಕ್ಸಿಯ ತನಕ ಅವರು ಕೀಳದ ತಂತಿ ಭೂಮಿಯ ಮೇಲೆ ಉಳಿದಿರಲಿಲ್ಲ. ಕೊಕ್ಕೆಯಕ್ಕನ ಕುರ್ಚಿಗೆ ಮುಳ್ಳು ಮೂಡಿತು. ಎದ್ದಳು, ಕೂತಳು, ಏಳು ಲೋಟ ನೀರು ಕುಡಿದಳು.

ಪಂಪಿನ ಪ್ರೋಗ್ರಾಂ ಬರೆದಿದ್ದ ಸಿ ಭಾಷೆಯಲ್ಲಿ ಪಾಯಿಂಟರ್ ಎಂದರೆ ವಿಳಾಸ ಬರೆದ ಚೀಟಿ. ನಲ್ ಎಂದರೆ ಖಾಲಿ ಚೀಟಿ. ಹನಿ ಅಳೆಯುವ ಸೆನ್ಸರಿನ ತಂತಿ ಕಳಚಿದರೆ ಅಳತೆಯ ಬದಲು ಖಾಲಿ ಚೀಟಿ ಬರುತ್ತದೆ. ಅದನ್ನು ಕಂಡು ಪಂಪ್ ಕೂಗಬೇಕು. ಕಾಣದೆ, ಇಲ್ಲದ ವಿಳಾಸದ ಮನೆ ಹುಡುಕಲು ಹೊರಟರೆ ಪ್ರೋಗ್ರಾಂ ನಡುದಾರಿಯಲ್ಲೇ ಪ್ರಾಣ ಬಿಡುತ್ತದೆ. ತನ್ನ ಪರೀಕ್ಷೆಗಳಲ್ಲಿ ಖಾಲಿ ಚೀಟಿ ಕೊಟ್ಟದ್ದೆಲ್ಲಿ ಎಂದು ಹುಡುಕಿದಳು. ಒಂದರಲ್ಲೂ ಇಲ್ಲ! ನಾನೂರ ಹನ್ನೆರಡರಲ್ಲೂ ತಂತಿ ಭದ್ರವಾಗಿತ್ತು.

ನಾನೂರ ಹದಿಮೂರನೆಯದನ್ನು ಬರೆದು ಓಡಿಸಿದಳು. ಕೆಂಪೂ ಇಲ್ಲ, ಹಸಿರೂ ಇಲ್ಲ. ಪ್ರೋಗ್ರಾಂ ಗೊಟಕ್ ಎಂದಿತು.

"ಯಾವ ಪುಣ್ಯಾತ್ಮ ಬರೆದಿದ್ದು ಈ ಸಾಲನ್ನ? ಚೀಟಿ ಬಳಸಿಯಾದ್ಮೇಲೆ, ಕೆಳಗಿನ ಸಾಲಲ್ಲಿ, ಖಾಲಿನಾ ಅಂತ ನೋಡಿದಾನೆ!"

ಪಕ್ಕದ ಮೇಜಿನ ಟೀಮ್ ಲೀಡರ್ ಹಳೆಯ ದಾಖಲೆ ತೆಗೆದು ಮೀಸೆಯೊಳಗೇ ನಕ್ಕ. "ಎರಡು ವರ್ಷದ ಹಿಂದೆ, ನೀವೇ ಅಕ್ಕಾ."

ಅವಳ ಕಿವಿಯಿಂದ ಹೊಗೆ ಬಂತು. "ನಾಲ್ಕಕ್ಕೆ ಇದು ಹೊರಡಲ್ಲ."

"ಮೇಲಿನವರಿಗೆ ಏನಂತ ಹೇಳ್ಲಿ?"

"ಕೊಕ್ಕೆ ತನಗೇ ಕೊಕ್ಕೆ ಹಾಕ್ಕೊಂಡಳು ಅನ್ನು."

ಖಾಲಿಯೇ ಎಂದು ನೋಡುವ ಸಾಲನ್ನು ಮೇಲಕ್ಕೆ ತಂದಳು: ಹಸಿರು. ಬೇಕೆಂದೇ ಕೆಳಗಿಳಿಸಿದಳು: ಗೊಟಕ್. ಮತ್ತೆ ಮೇಲೆ. ಸಮಾಧಾನವಿಲ್ಲ. ಮೇಜಿನ ಮೇಲಿನ ನಿಜವಾದ ಪಂಪಿಗೆ ಹೊಸ ಪ್ರೋಗ್ರಾಂ ತುಂಬಿ ಅಪ್ಪನಿಗೆ ಫೋನ್ ಹಚ್ಚಿದಳು.

"ಅಪ್ಪಾ, ಮೆಷಿನ್ನು ನಾಳೆ ಬರಲ್ಲ, ನಾಡಿದ್ದು."

"ಯಾಕೇ? ಏನಾಯ್ತು?"

ಅವಳು ಪಂಪಿನ ಸೆನ್ಸರ್ ತಂತಿ ಹಿಡಿದು ಎಳೆದಳು. ಮೂರು ಮಹಡಿಯ ಜನ ಕಿವಿ ಮುಚ್ಚಿಕೊಂಡರು.

"ಅಯ್ಯಯ್ಯೋ, ಅದೇನೇ ಆ ಕೂಗು?"

"ನೀವು ನಾಡಿದ್ದು ಮಾಡೋ ಕೆಲಸ," ಎಂದು ತಂತಿ ಸಿಕ್ಕಿಸಿ, ಇನ್ನೊಮ್ಮೆ ಕಿತ್ತಳು.