ಬೀದಿಗಿಟ್ಟ ಕುರ್ಚಿ

ಡೆನೀಸಳ ಅಡುಗೆಮನೆಯ ಮೇಜಿಗೆ ನಾಲ್ಕು ಕುರ್ಚಿ. ಅದರಲ್ಲೊಂದು ಕ್ರಿಸ್‌ಮಸ್ಸಿನಿಂದ ಬೀದಿಯಲ್ಲಿತ್ತು.

ಪಿಟ್ಸ್‌ಬರ್ಗಿನ ಗುಡ್ಡದ ಓಣಿಗಳಲ್ಲಿ ಕುರ್ಚಿ ಬೀದಿಯಲ್ಲಿದ್ದರೆ ಯಾಕೆಂದು ಯಾರೂ ಕೇಳುವುದಿಲ್ಲ. ಹಿಮ ಬಿದ್ದ ಬೆಳಿಗ್ಗೆ ಸೊಂಟ ಬೀಳುವಂತೆ ಬಗೆದು ತನ್ನ ಗಾಡಿಗೆ ಜಾಗ ಮಾಡಿಕೊಂಡವನು, ಕೆಲಸಕ್ಕೆ ಹೊರಡುವಾಗ ಅಲ್ಲೊಂದು ಕುರ್ಚಿ ಇಟ್ಟು ಹೋಗುತ್ತಾನೆ. ಅವನು ಹಿಂತಿರುಗುವವರೆಗೆ ಆ ಜಾಗ ಅವನದು. ಯಾವ ಕಾನೂನಿನಲ್ಲೂ ಇದು ಬರೆದಿಲ್ಲ. ಆದರೆ ದೇವರ ಮುಂದಿನ ದೀಪವನ್ನು ಊದಿ ಆರಿಸಿದರೂ ಆರಿಸಿಯಾರು, ಆ ಓಣಿಯವರು ಇನ್ನೊಬ್ಬನ ಕುರ್ಚಿ ಮುಟ್ಟಲಾರರು. ಇಟ್ಟವನೇ ಎತ್ತಬೇಕು.

ಇದನ್ನು ಇಟ್ಟವನು ಅವಳ ಗಂಡ ಗ್ಲೆನ್. ನಗರಸಭೆಯ ಹಿಮ ತಳ್ಳುವ, ಅದು ಕರಗಲೆಂದು ಬೀದಿಗೆ ಉಪ್ಪು ಚೆಲ್ಲುವ ಲಾರಿ ಓಡಿಸುವವನು; ಊರೆಲ್ಲ ಒಳಗೆ ಬೆಚ್ಚಗಿರುವ ದಿನವೇ ಅವನಿಗೆ ಹೊರಗೆ ಕೆಲಸ. ಕ್ರಿಸ್‌ಮಸ್ಸಿನ ಹಿಂದಿನ ದಿನದ ಊಟಕ್ಕೆ ಅವರ ಸ್ಲೋವಾಕ್ ಮನೆತನದಲ್ಲಿ ಒಂದು ತಟ್ಟೆ ಹೆಚ್ಚು ಇಡುತ್ತಾರೆ, ದಾರಿ ತಪ್ಪಿ ಬರುವ ಅಪರಿಚಿತನಿಗೆಂದು. ಆ ವೇಷದಲ್ಲಿ ದೇವರೇ ಬಂದಾನು ಎಂಬ ನಂಬಿಕೆ. ಆ ಸಲ ಹಿಮ ಜೋರಾಗಿ ಬಿತ್ತು. ಮಕ್ಕಳು ಕಾದು ಕಾದು ಉಂಡೆದ್ದ ಮೇಲೆ ಗ್ಲೆನ್ ಬಂದ. ಡೆನೀಸ್ ತಿರುಗಿಯೂ ನೋಡದೆ ಅಂದಳು: "ನಿನ್ನ ತಟ್ಟೆ ತೊಳೆದಿಟ್ಟಾಯ್ತು. ಅಪರಿಚಿತನ ತಟ್ಟೆ ಖಾಲಿ ಇದೆ ನೋಡು, ಅದ್ರಲ್ಲೇ ಉಣ್ಣು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗ್ಲೆನ್ ಟೋಪಿ ಕೂಡ ತೆಗೆಯಲಿಲ್ಲ. ತನ್ನ ಕುರ್ಚಿಯನ್ನೆತ್ತಿಕೊಂಡು ಹೊರಗೆ ನಡೆದ. ಎಸೆದೇಬಿಡುತ್ತಾನೆ ಎಂದುಕೊಂಡು ಡೆನೀಸ್ ಕಿಟಕಿಗೆ ಓಡಿದಳು. ಅವನು ಗಾಡಿಯನ್ನು ಆಚೆ ತೆಗೆದು, ಕೆಳಗಿಳಿದು, ಬಗೆದಿದ್ದ ಜಾಗದ ನಡುವೆ ಕುರ್ಚಿಯನ್ನು ನೆಟ್ಟಗೆ ಇಟ್ಟು, ಆಮೇಲೆ ಹೊಳೆಯಾಚೆಗೆ ಅಣ್ಣ ಬರ್ನಿಯ ಮನೆಗೆ ಹೋದ. ಸಿಟ್ಟಿನಲ್ಲಿ ಮನೆ ಬಿಡುವವನು ಜಾಗ ಹಿಡಿದಿಟ್ಟು ಹೋಗಿದ್ದ. ಬೇಕೆಂದೇ ಇಟ್ಟನೋ, ಕೈಗೆ ರೂಢಿಯಾಗಿತ್ತೋ, ಅವನನ್ನೇ ಕೇಳಬೇಕು. ಡೆನೀಸ್ ಕೇಳಲಿಲ್ಲ. ಆ ಕುರ್ಚಿಯನ್ನೇ ನಂಬಿಕೊಂಡು ಚಳಿಗಾಲ ದೂಡಿದಳು.

ಹಿಮ ಕರಗಿತು. ಮಿಕ್ಕವರ ಕುರ್ಚಿಗಳೆಲ್ಲ ಒಳಗೆ ಹೋದವು. ಇದೊಂದು ಮಳೆಯಲ್ಲಿ ನೆನೆಯುತ್ತ, ಬಿಸಿಲಲ್ಲಿ ಒಣಗುತ್ತ ನಿಂತಿತ್ತು. ಓಣಿಯವರು ಕಂಡೂ ಕಾಣದವರಂತೆ ತಮ್ಮ ಗಾಡಿಗಳನ್ನು ದೂರ ನಿಲ್ಲಿಸಿ ನಡೆದು ಬಂದರು. ಭಾನುವಾರ ಮಕ್ಕಳನ್ನು ಕರೆದೊಯ್ಯಲು ಗ್ಲೆನ್ ಬಂದರೆ ಓಣಿಯ ಬಾಯಲ್ಲೇ ನಿಂತು ಹಾರ್ನ್ ಹೊಡೆಯುತ್ತಿದ್ದ. ಅಲ್ಲಿಂದ ಕುರ್ಚಿ ಕಾಣುತ್ತಿತ್ತು.

ಹೀಗಿರುವಾಗ ವಸಂತದ ರಜೆ ಬಂತು. ಶಾಲೆಯ ಮಕ್ಕಳು ಒಬ್ಬೊಬ್ಬರೂ ಫ್ಲಾರಿಡಾದ ಸಮುದ್ರದ ಮಾತಾಡುತ್ತಿದ್ದರು. ಹನ್ನೆರಡು ವರ್ಷದ ಮಗಳು ಪಾಲಿ ಮಾತ್ರ ಪೇಟೆಯ ಹೋಟೆಲೊಂದಕ್ಕೆ ನುಗ್ಗಿ, ಪ್ರವಾಸಿಗರಿಗೆಂದು ಇಟ್ಟಿದ್ದ ನಕ್ಷೆಗಳನ್ನು ತೋಳ್ತುಂಬ ತಂದಳು.

"ನಾವು ನಮ್ಮೂರಿಗೇ ಪ್ರವಾಸ ಹೋಗೋಣಮ್ಮ. ನಮ್ಮೂರಿಗೆ ನಾವೇ ನೆಂಟರು. ಗುಡ್ಡ ಹತ್ತೋ ರೈಲಿನ ಡಬ್ಬಿ, ಗಾಜಿನ ಮನೆ ಹೂವು, ದೋಣಿ, ಎಲ್ಲಾ. 'ಇದನ್ನ ನೋಡಿದೀನಿ' ಅನ್ನಬಾರದು. ಮನೆಕೆಲಸ ಮಾಡಬಾರದು. ಫೋನು ಬ್ರೆಡ್ಡಿನ ಡಬ್ಬಿ ಒಳಗೆ. ಮತ್ತೆ ನಾಲ್ಕು ಜನಾನೂ ಇರಬೇಕು."

"ಮೂವರೇ ಆದ್ರೆ?"

"ಮೂವರಿದ್ರೆ ಅದು ಪ್ರವಾಸ ಅಲ್ಲಮ್ಮ, ಬರೀ ಓಡಾಟ."

ಗ್ಲೆನ್ ಮಗಳಿಗೆ ಫೋನಿನಲ್ಲಿ ಅಂದಿದ್ದ: "ಶುಕ್ರವಾರ ಊಟಕ್ಕೆ ಬರ್ತೀನಿ. ಕೂತು ಯೋಜನೆ ಹಾಕೋಣ. ಆಮೇಲಿಂದು ಆಮೇಲೆ." ಆ ಕೊನೆಯ ಮಾತು ಡೆನೀಸಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ರಜೆ ಮುಗಿದ ಮೇಲೆ ಗ್ಲೆನ್ ಹೊಳೆಯಾಚೆ ಬೇರೆ ಮನೆ ಹಿಡಿಯುವವನಿದ್ದಾನೆಂದು ಬರ್ನಿಯ ಹೆಂಡತಿ ಬಾಯಿ ಬಿಟ್ಟಿದ್ದಳು. ಈ ಒಂದು ಊಟ ನೆಟ್ಟಗೆ ನಡೆದರೆ ವಾರ ಸಿಕ್ಕೀತು. ವಾರ ಸಿಕ್ಕರೆ ಮನುಷ್ಯ ಸಿಕ್ಕಾನು.

ಶುಕ್ರವಾರ ಅವಳು ಮನೆಯನ್ನೆಲ್ಲ ಗುಡಿಸಿ ಒರೆಸಿದಳು. ಈಸ್ಟರಿಗೆ ಮುಂಚಿನ ತಪಸ್ಸು ಕಾಲ, ಮಾಂಸವಿಲ್ಲ. ಆಲೂಗಡ್ಡೆ ತುಂಬಿದ, ಕಡುಬಿನಂಥ ಪಿರೋಗಿ ಬೇಯಿಸಿ ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿದಳು. ತಟ್ಟೆ ಹಾಕಿ ನೋಡಿದರೆ ಮೇಜಿಗೆ ಮೂರೇ ಕುರ್ಚಿ. ಅವನನ್ನು ಸ್ಟೂಲಿನ ಮೇಲೆ ಕೂರಿಸಲೇ? ಅಪರಿಚಿತನ ತಟ್ಟೆಗಿಂತ ಅದು ಕಡೆ.

ಇಟ್ಟವನೇ ಎತ್ತಬೇಕು ಎನ್ನುವುದು ನೆನಪಾಗದೆ ಇರಲಿಲ್ಲ. 'ಎಷ್ಟೆಂದರೂ ನನ್ನ ಅಡುಗೆಮನೆಯ ಕುರ್ಚಿ' ಅಂದುಕೊಂಡು ಬೀದಿಯಿಂದ ಎತ್ತಿ ತಂದಳು. ಕಾಲುಗಳಿಗೆ ಹತ್ತಿದ್ದ ಉಪ್ಪಿನ ಕಲೆಯನ್ನು ಬಿಸಿನೀರಿನಲ್ಲಿ ತಿಕ್ಕಿ, ಹೊಸ ಮೆತ್ತೆ ಕಟ್ಟಿ, ಮೇಜಿನ ತಲೆಯ ಕಡೆ ಇಟ್ಟಳು. ನಾಲ್ಕೂ ಕುರ್ಚಿ ಒಟ್ಟಿಗೆ ಕಂಡಾಗ ಅವಳಿಗೆ ಈಸ್ಟರಿನ ಪಾಸ್ಕ ಹಬ್ಬ ಒಂದು ವಾರ ಮೊದಲೇ ಬಂದಂತಾಯಿತು. ಶಿಲುಬೆಯ ಗುರುತು ಹಾಕಿಕೊಂಡು, "ತಂದೇ, ಇವತ್ತು ನನ್ನ ನಾಲಿಗೆಯನ್ನು ನೀನೇ ಕಾಯಿ" ಎಂದಳು.

ಬರುವ ಹೊತ್ತಾಯಿತು. ಫೋನುಗಳು ಬ್ರೆಡ್ಡಿನ ಡಬ್ಬಿ ಸೇರಿದವು. ಪಾಲಿ ನಕ್ಷೆ ಹರಡಿದಳು. ಅವಳ ತಮ್ಮ, ಏಳು ವರ್ಷದ ಆಗೀ, ಅದರ ಮೇಲೆಯೇ ಮೊಣಕೈ ಊರಿದ.

"ರೈಲಿನ ಡಬ್ಬಿ ಸೋಮವಾರ," ಅಂದ ಆಗೀ.

"ಸೋಮವಾರ ಹೂವು. ಡಬ್ಬಿ ಬುಧವಾರ. ಕೈ ತೆಗಿಯೋ, ಸೇತುವೆಗೆಲ್ಲ ಬೆಣ್ಣೆ ಬಳೀತಿದೀಯ."

"ಅಮ್ಮ, ನಿನ್ನ ಓಟು?"

"ನಾನು ಹಾಕಲ್ಲ. ಅಪ್ಪ ಬಂದು ಹಾಕ್ತಾನೆ."

ಓಣಿಯಲ್ಲಿ ಗಾಡಿಯೊಂದು ನಿಧಾನವಾಯಿತು. ಮೂವರ ಮಾತೂ ನಿಂತಿತು. ಗಾಡಿ ಮುಂದೆ ಹೋಯಿತು. ಬೆಣ್ಣೆ ಗಟ್ಟಿಯಾಗತೊಡಗಿತ್ತು; ಡೆನೀಸ್ ಬಾಣಲೆಯನ್ನು ಮತ್ತೆ ಒಲೆಗಿಟ್ಟಳು. ಇನ್ನೊಂದು ಗಾಡಿ, ಅದೂ ಹೋಯಿತು. ಮೂಲೆಯ ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರದ ಮೀನೂಟ. ಅದಕ್ಕೆ ಬರುವವರ ಗಾಡಿಗಳು ಒಂದರ ಹಿಂದೊಂದು. ಈರುಳ್ಳಿ ಕಪ್ಪಾಗುವ ವಾಸನೆ ಬಂತು. ಕ್ರಿಸ್‌ಮಸ್ಸಿನ ಕಾಯುವಿಕೆಯ ಹಾಗೆಯೇ ಇತ್ತು ಇದೂ. ಅವಳ ನಾಲಿಗೆಯ ತುದಿಗೆ ಆಗಲೇ ಒಂದು ಕಹಿ ಮಾತು ಬಂದು ನಿಂತಿತ್ತು.

ಆಗ ಕದ ತಟ್ಟಿದ ಸದ್ದು. ಆಗೀ ಹಾರಿ ಹೋಗಿ ತೆಗೆದ. ಎದುರು ಮನೆಯ ಮುದುಕಿ ವಾಂಡಾ, ಕೈಯಲ್ಲಿ ಮೀನಿನ ಪೊಟ್ಟಣ. ಓಣಿಯ ಇಣುಕುಬುದ್ಧಿಗೆಲ್ಲ ಅವಳೇ ತಾಯಿಬೇರು.

"ಅಲ್ಲ ಡೆನೀಸ್, ಅಷ್ಟು ದಿನ ಕಾದು, ಬಂದವನನ್ನ ಹಾಗೇ ಕಳಿಸಿಬಿಟ್ಟೆಯಲ್ಲೇ ತಾಯಿ!"

"ಯಾರನ್ನ?"

"ಗ್ಲೆನ್‌ನ. ನಾನೇನು ಕಿಟಕೀಲಿ ಕೂತಿರ್ಲಿಲ್ಲಮ್ಮ, ಒಗೆಯೋಕೆ ಪರದೆ ಬಿಚ್ತಿದ್ದೆ. ಬಂದ. ನಿಮ್ಮನೆ ಮುಂದೆ ನಿಧಾನ ಮಾಡಿದ. ಆ ಜಾಗಾನೇ ನೋಡಿದ. ಒಂದು ಸುತ್ತು ಹಾಕ್ಕೊಂಡು ಮತ್ತೆ ಬಂದು ನೋಡಿದ. ಹೋದ. ಪಾಪ, ಮುಖ ಏನೋ ಆಗಿತ್ತು."

ಡೆನೀಸ್ ಹೊರಗೆ ಬಂದು ನೋಡಿದಳು. ಚಳಿಗಾಲವೆಲ್ಲ ಕುರ್ಚಿ ನಿಂತಿದ್ದ ಜಾಗದಲ್ಲಿ ಯಾರದೋ ಹಸಿರು ಕಾರು.

ಅವಳಿಗೆ ಎಲ್ಲ ಒಂದೇ ಸಲಕ್ಕೆ ತಿಳಿಯಿತು. ಭಾನುವಾರ ಭಾನುವಾರ ಓಣಿಯ ಬಾಯಿಂದ ಅವನು ನೋಡುತ್ತಿದ್ದದ್ದು ಆ ಕುರ್ಚಿಯನ್ನೇ. ಇವತ್ತು ಬಂದರೆ ಕುರ್ಚಿ ಇಲ್ಲ. ಆ ಜಾಗದಲ್ಲಿ ಬೇರೆಯವರ ಗಾಡಿ. ಅವಳು ಅವನ ಕುರ್ಚಿಯನ್ನು ಮೇಜಿನ ತಲೆಯ ಕಡೆಗೆ ತಂದಿದ್ದಳು. ಅವನು ಓದಿಕೊಂಡದ್ದು, ನಿನಗಿನ್ನು ಇಲ್ಲಿ ಜಾಗವಿಲ್ಲ ಎಂದು. ಆ ಊರಿನ ಯಾವ ಗಂಡಸಾದರೂ ಹಾಗೆಯೇ ಓದಿಕೊಳ್ಳುತ್ತಿದ್ದ.

ಬ್ರೆಡ್ಡಿನ ಡಬ್ಬಿ ತೆರೆದಳು. ಅವನ ಕರೆ ಒಂದು ಬಂದು ಹೋಗಿತ್ತು, ಯಾರ ಕಿವಿಗೂ ಬೀಳದೆ. ಈಗ ಇವಳು ಮಾಡಿದರೆ ಅವನು ಎತ್ತಲಿಲ್ಲ. ಸಂದೇಶ ಬರೆಯಲು ಹೋದಳು. 'ನಾನು ಕುರ್ಚಿಯನ್ನು' ಎಂದು ಶುರು ಮಾಡಿ ಅಳಿಸಿದಳು. ಅವಳ ಮಾತಿನಿಂದ ಕೆಟ್ಟದ್ದು ಅವಳ ಮಾತಿನಿಂದಲೇ ಸರಿಹೋದೀತೆಂದು ಅವಳಿಗೆ ಧೈರ್ಯವಿರಲಿಲ್ಲ.

"ಅಮ್ಮ, ಏನಾಯ್ತು?" ಪಾಲಿಯ ದನಿ ಸಣ್ಣಗಾಗಿತ್ತು.

ಡೆನೀಸ್ ಮೆತ್ತೆಯ ಸಮೇತ ಕುರ್ಚಿಯನ್ನೆತ್ತಿ ಬೀದಿಗೆ ನಡೆದಳು.

ಹಸಿರು ಕಾರಿನ ಪಕ್ಕದಲ್ಲೇ ಅದನ್ನು ಹಿಡಿದು ನಿಂತಳು. ಸ್ವಲ್ಪ ಹೊತ್ತಿಗೆ ಕಾರಿನ ಹುಡುಗ ಮೀನಿನ ಪೊಟ್ಟಣ ಹಿಡಿದು ಬಂದ. ಕುರ್ಚಿ ನೋಡಿದವನೇ ಬಿಳಿಚಿಕೊಂಡ.

"ಅಯ್ಯೋ ಅಮ್ಮಾ, ದೇವರಾಣೆ ಇಲ್ಲಿ ಕುರ್ಚಿ ಇರ್ಲಿಲ್ಲ! ನಾನು ಅಂಥವನಲ್ಲ, ಇದೇ ಊರೋನು."

"ಗೊತ್ತಪ್ಪ. ತಪ್ಪು ನಂದೇ. ನೀನು ಹೊರಡು, ಮೀನು ಆರುತ್ತೆ."

ಕಾರು ಹೋಯಿತು. ಡೆನೀಸ್ ಜಾಗದ ನಡುವೆ ಕುರ್ಚಿ ಇಟ್ಟಳು, ಅವನು ಇಡುತ್ತಿದ್ದ ಹಾಗೆ ನೆಟ್ಟಗೆ. ಆಮೇಲೆ ಯಾರೂ ಎಂದೂ ಮಾಡದ ಕೆಲಸ ಮಾಡಿದಳು. ಅದರ ಮೇಲೆ ಕೂತಳು.

ಬಿಸಿಲು ಎದುರು ಗುಡ್ಡದ ಮಾಡುಗಳನ್ನು ದಾಟುತ್ತಿತ್ತು. ಮೀನೂಟಕ್ಕೆ ಬಂದವರ ಕಣ್ಣೆಲ್ಲ ಆ ಖಾಲಿ ಜಾಗದ ಮೇಲೆ. ಒಬ್ಬ ದಪ್ಪನೆಯ ಮನುಷ್ಯ ಗಾಜು ಇಳಿಸಿ ತಲೆ ಹೊರಹಾಕಿದ.

"ಏನಮ್ಮ ಇದು? ಹಿಮ ಎಲ್ಲಿದೆ? ಏಪ್ರಿಲ್‌ನಲ್ಲಿ ಎಂಥಾ ಕುರ್ಚಿ?"

ನ್ಯಾಯದ ಮಾತು. ಹಿಮವಿಲ್ಲದಾಗ ಕುರ್ಚಿಗೆ ಹಕ್ಕಿಲ್ಲ.

"ನಮ್ಮನೇಲಿ ಇನ್ನೂ ಕರಗಿಲ್ಲ," ಅಂದಳು ಡೆನೀಸ್.

ಅವನಿಗೆ ಅರ್ಥವಾಗಲಿಲ್ಲ. ಹಾರ್ನ್ ಒತ್ತಿ ಹಿಡಿದ. ಹಿಂದಿದ್ದವರೂ ಹಾರ್ನ್ ಹೊಡೆದರು. ಡೆನೀಸ್ ಏಳಲಿಲ್ಲ. ವಾಂಡಾ ಮೆಟ್ಟಿಲ ಮೇಲೆ ನಿಂತು ಕೂಗಿದಳು: "ಏ ಬೊಜ್ಜಪ್ಪ, ಕೆಳಗೆ ಮೈದಾನದ ಹತ್ರ ನಿಲ್ಸಿ ಹತ್ತಿ ಬಾರೋ, ಹಸಿವಾಗುತ್ತೆ!" ಓಣಿಯಲ್ಲಿ ನಗೆಯೆದ್ದಿತು. ಆ ಮನುಷ್ಯ ಗೊಣಗುತ್ತ ಹೋದ.

ವಾಂಡಾ ಹತ್ತಿರ ಬಂದಳು. "ನನ್ನ ತಂಗಿ ಬರ್ನಿ ಮನೆ ಬೀದೀಲೇ ಇರೋದು. ಒಂದು ಮಾತು ಹಾಕ್ಲಾ?"

"ಏನಂತ ಹೇಳ್ತೀರಿ?"

"ಕಂಡಿದ್ದನ್ನ. ನಿನ್ನ ಹೆಂಡ್ತಿ ಬೀದೀಲಿ ಕುರ್ಚಿ ಹಾಕ್ಕೊಂಡು ಕೂತಿದಾಳೆ ಅಂತ. ಹೊಳೆ ದಾಟೋಕೆ ನನಗೆ ಕಾಲಿಲ್ಲ, ಬಾಯಿಗೂ ಸೇತುವೆ ಬೇಕಾ?"

ಡೆನೀಸ್ ತಲೆಯಾಡಿಸಿದಳು.

ಮಕ್ಕಳು ನಕ್ಷೆ, ಪಿರೋಗಿಯ ಪಾತ್ರೆ ಹೊತ್ತು ತಂದು ಕಾಲುದಾರಿಯ ಅಂಚಿನಲ್ಲಿ ಕೂತರು. ಆಗೀ ಒಂದು ಪಿರೋಗಿ ಬಾಯಿಗಿಟ್ಟು, "ಅಪ್ಪ ಬರದೇ ಇದ್ರೆ?" ಅಂದ. ಪಾಲಿ ಅವನ ತೊಡೆ ಚಿವುಟಿದಳು. ಡೆನೀಸ್ ಕಣ್ಣುಮುಚ್ಚಿ ಜಪಸರದ ಮಣಿಗಳನ್ನು ಮನಸ್ಸಿನಲ್ಲೇ ಸರಿಸಿದಳು. ಕೇಳಿಕೊಳ್ಳಲು ಮಾತು ಹೊಳೆಯಲಿಲ್ಲ. ಬೇಡುವವಳಿಗೆ ಕೂತಿರುವುದೇ ಬೇಡಿಕೆಯಾಗಿತ್ತು.

ಚರ್ಚಿನ ದೀಪ ಹತ್ತಿದಾಗ ಓಣಿಯ ಬಾಯಲ್ಲಿ ಗ್ಲೆನ್‌ನ ಗಾಡಿ ಕಾಣಿಸಿತು. ಅಲ್ಲೇ ನಿಂತಿತು. ಹಾರ್ನ್ ಹೊಡೆಯಲಿಲ್ಲ. ಬಹಳ ಹೊತ್ತು ನಿಂತೇ ಇತ್ತು. ಪಾಲಿ ಏಳಹೋದಳು, ಡೆನೀಸ್ ಭುಜದ ಮೇಲೆ ಕೈಯಿಟ್ಟು ಕೂರಿಸಿದಳು. ಕೊನೆಗೆ ಗಾಡಿ ಮೆಲ್ಲನೆ ಬಂದು ಅವಳೆದುರು ನಿಂತಿತು.

"ಬೀದಿ ಮಧ್ಯೆ ಏನ್ ಮಾಡ್ತಿದೀಯ ಡೆನೀಸ್?"

"ಜಾಗ ಕಾಯ್ತಿದೀನಿ."

"ಯಾರಿಗೆ?"

"ಕುರ್ಚಿ ಇಟ್ಟೋನಿಗೆ."

"ಆಗ ಬಂದಾಗ ಇರ್ಲಿಲ್ಲ."

"ಮೇಜಿಗೆ ಒಂದು ಕಮ್ಮಿ ಬಿತ್ತು. ಒಳಗೆ ತಗೊಂಡು ಹೋಗಿದ್ದೆ."

ಗ್ಲೆನ್‌ನ ಕಣ್ಣು ಕುರ್ಚಿಯ ಕಾಲಿಗೆ ಇಳಿಯಿತು. ತಾನೇ ಊರಿಗೆಲ್ಲ ಚೆಲ್ಲಿದ ಉಪ್ಪು ಯಾವ ಕಲೆ ಬಿಡುತ್ತದೆಂದು ಅವನಿಗೆ ಗೊತ್ತು. ಕಲೆ ಇರಲಿಲ್ಲ. ಮರ ಹೊಸದರಂತೆ ಬೆಳ್ಳಗಿತ್ತು. ಅವಳ ತೊಡೆಯ ಕೆಳಗಿನಿಂದ ಮೆತ್ತೆಯ ಹೊಸ ದಾರ ಇಣುಕುತ್ತಿತ್ತು.

ಹಿಂದೆ ಯಾರೋ ಹಾರ್ನ್ ಹೊಡೆದರು.

"ಅಪ್ಪ, ಬೇಗ ಹೇಳು," ಆಗೀ ಕೂಗಿದ. "ರೈಲಿನ ಡಬ್ಬಿ ಸೋಮವಾರನಾ ಬುಧವಾರನಾ? ನಂದೊಂದು ಓಟು, ಪಾಲೀದೊಂದು. ಅಮ್ಮ ಹಾಕಲ್ವಂತೆ."

ಗ್ಲೆನ್ ಇಳಿದ. ಡೆನೀಸ್ ಎದ್ದು ಪಕ್ಕಕ್ಕೆ ಸರಿದಳು, ಕುರ್ಚಿ ಮುಟ್ಟಲಿಲ್ಲ. ಅವನು ಅದರ ಬೆನ್ನಿನ ಮೇಲೆ ಕೈಯಿಟ್ಟ. ಎತ್ತಲಿಲ್ಲ.

"ತಟ್ಟೆ ಯಾವುದು?" ಕೇಳಿದ, ಅವಳೊಬ್ಬಳಿಗೇ ಕೇಳುವ ಹಾಗೆ.

ಅವಳಿಗೆ ಇಷ್ಟು ದಿನ ಕೂಡಿಟ್ಟ ಕ್ಷಮೆಯ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ನಿಂದೇ ಹಾಕಿದೀನಿ," ಅಂದಳು. "ಅವತ್ತೂ ಅದನ್ನೇ ಹಾಕ್ಬೇಕಿತ್ತು. ಈ ವಾರ ಮಾತ್ರ ನಾಲ್ಕೂ ಜನ ನೆಂಟರಂತೆ, ನಿನ್ನ ಮಗಳ ಕಟ್ಟಳೆ. ಹೊರಗಿನವನು ನೀನೊಬ್ಬನೇ ಅಲ್ಲ, ಎಲ್ಲರೂ."

ಗ್ಲೆನ್ ಕುರ್ಚಿಯನ್ನೆತ್ತಿ ಅವಳ ಕೈಗೆ ಕೊಟ್ಟ. ಗಾಡಿಯನ್ನು ಆ ಜಾಗಕ್ಕೆ ತಂದು ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಅವನ ಬಟ್ಟೆಯ ಚೀಲವಿತ್ತು. ಅವನು ಅದನ್ನು ಇಳಿಸಲಿಲ್ಲ. ಅವಳು ಕೇಳಲೂ ಇಲ್ಲ.

"ಬುಧವಾರ," ಅಂದ ಗ್ಲೆನ್, ಬಾಗಿಲು ಹಾಕುತ್ತ. "ಸೋಮವಾರ ಮಳೆಯಂತೆ."

"ಸೋತೆ ಕಣೋ!" ಅಂದಳು ಪಾಲಿ.

ಡೆನೀಸ್ ಕುರ್ಚಿಯನ್ನು ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದಳು. ಹಿಂದೆ ಅವನ ಹೆಜ್ಜೆ ಬರುತ್ತಿದೆಯೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ, ಕೇಳಿಸಿಕೊಂಡಳು. ಬರುತ್ತಿತ್ತು.