ಒಂಬತ್ತು ತೋಪು, ಮೂರು ಲವಂಗ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನೋದು ನನಗೆ ತಿಳಿದಿಲ್ಲ. ತಿಳಿದವರ ಹಾಗೆ ಶುರು ಮಾಡುವುದು ರೂಢಿ. ನಾನು ಬಸದಿಯ ಪಡಸಾಲೆಯಲ್ಲಿ ಕಂಬಕ್ಕೆ ಬೆನ್ನು ಹಚ್ಚಿ ಪುರಾಣ ಕೇಳುತ್ತ ಬೆಳೆದವ. ಒಬ್ಬರು ಪದ್ಯ ಓದುವರು, ಇನ್ನೊಬ್ಬರು ಅರ್ಥ ಹೇಳುವರು, ನಾನು ‘ಹೂಂ’ ಅನ್ನುವವ. (ಹೂಂ ಅನ್ನುವವರಿಲ್ಲದಿದ್ದರೆ ಓದುವವರು ನಿಲ್ಲಿಸಿಬಿಡುತ್ತಿದ್ದರು. ಹೀಗಾಗಿ ಸಾಹಿತ್ಯಕ್ಕೆ ನನ್ನ ಸೇವೆ ಐದನೇ ವಯಸ್ಸಿನಿಂದ ನಡೆದಿದೆ.) ಅಲ್ಲಿ ಕೇಳಿ ತಿಳಿದದ್ದು ಏನೆಂದರೆ, ದೊಡ್ಡ ಕಾವ್ಯಕ್ಕೆ ಹದಿನೆಂಟು ವರ್ಣನೆ ಬೇಕು, ಅದರಲ್ಲಿ ಮೊದಲನೆಯದು ಸಮುದ್ರ.

ನನ್ನ ಕಥೆ ಮೂಡಲಗಿಯದು. ಇಲ್ಲಿ ಸಮುದ್ರ ಇಲ್ಲ. ಸಮುದ್ರ ನೋಡಿ ಬಂದವರನ್ನು ಕೇಳಿದರೆ, ನೀರು ಭಾಳ ಐತ್ರಿ, ಆದರ ಕುಡಿಯಾಕ ಬರೂದಿಲ್ಲ, ಅಂದರು. ಸಮುದ್ರ ವರ್ಣನೆ ಮುಗಿಯಿತು. ಇನ್ನು ಹಡಗು.

೨

(ಕೈಬಿಟ್ಟ ಮೊದಲ ಕರಡು.)

‘ಮುಂಜಾವಿನ ಮಂಜನ್ನು ಸೀಳಿ ಬಂದ ಆ ಉಕ್ಕಿನ ದೈತ್ಯ ತನ್ನ ಒಂಬತ್ತು ತೋಪುಗಳನ್ನು ಮೇಲೆತ್ತಿತು...’

ಇಷ್ಟು ಬರೆದು ನಿಲ್ಲಿಸಿದೆ. ಹಡಗು ಉಕ್ಕಿನದಲ್ಲ, ಪ್ಲಾಸ್ಟಿಕ್ಕಿನದು. ಉದ್ದ ಒಂದು ಗೇಣು ನಾಲ್ಕು ಬೆರಳು. ನಿಜವಾದ ಹಡಗನ್ನು ಏಳುನೂರು ಪಾಲು ಸಣ್ಣ ಮಾಡಿದ ಮಾಡೆಲ್. ಆ ಅಳತೆಯಲ್ಲಿ ಒಬ್ಬ ಮನುಷ್ಯ ಒಂದು ಸಾಸಿವೆ ಕಾಳು. (ನಮ್ಮ ತಾಲೂಕಿನ ಕೆಲವು ಪುಢಾರಿಗಳು ಆ ಅಳತೆಯಲ್ಲಿಯೂ ಎದ್ದು ಕಾಣುವರು, ಕಟೌಟ್ ಸಹಿತ.)

ಎರಡನೇ ಕರಡಿನಲ್ಲಿ ಹಡಗು ಕಟ್ಟುವವನು ಒಬ್ಬ ಗಂಡಸಾಗಿದ್ದ. ಇಂಥ ಹವ್ಯಾಸ ಗಂಡಸರಿಗೇ ಇರುವುದು ಎಂದು ಒಬ್ಬ ಸಂಪಾದಕರು ಹೇಳಿದ್ದರು. ಹಡಗನ್ನು ನಿಜಕ್ಕೂ ಕಟ್ಟಿದ ತೃಪ್ತಿ ಆ ಕರಡನ್ನು ಓದಿದಳು. ಹಾಳೆಯ ಹಿಂಬದಿಗೆ ಬ್ರಶ್ಶಿನ ಬಣ್ಣ ಒರೆಸಿ ನನಗೆ ಮರಳಿ ಕೊಟ್ಟಳು.

೩

ಹಾಗಾದರೆ ಇದ್ದದ್ದನ್ನು ಇದ್ದ ಹಾಗೆ.

ಇಸವಿ ೨೦೦೪. ತೃಪ್ತಿಗೆ ಇಪ್ಪತ್ತಾರು. ಅಪ್ಪ ಶಾಂತಿನಾಥನದು ಗೋಕಾಕದಲ್ಲಿ ಪೇಂಟಿನ ಅಂಗಡಿ. ಮನೆ ಮೂಡಲಗಿ. ತಾಯಿ ತೀರಿಹೋಗಿ ಬಹಳ ವರ್ಷ. ಮನೆಯ ಆಡಳಿತ ಶಾಂತಿನಾಥನ ತಾಯಿ ಜಿನ್ನವ್ವನ ಕೈಯಲ್ಲಿ. ತೃಪ್ತಿ ಅವಳನ್ನು ಆಯಿ ಅನ್ನುತ್ತಾಳೆ, ಊರೂ ಹಾಗೇ ಅನ್ನುತ್ತದೆ. ಆಯಿ ವ್ರತದವಳು. ಹೊತ್ತು ಮುಳುಗುವ ಮೊದಲೇ ಊಟ. ಕಸ ಗುಡಿಸುವಾಗ ಇರುವೆಗೆ ದಾರಿ ಬಿಟ್ಟು ಗುಡಿಸುವಳು.

ಪುಣೆಯಲ್ಲಿ ಯಾರದೋ ಮದುವೆಗೆ ಹೋದಾಗ ತೃಪ್ತಿ ಒಂದು ಡಬ್ಬಿ ಕೊಂಡು ತಂದಳು. ಎಲ್ಲರೂ ಮಿಕ್ಸರ್ ಅಂದುಕೊಂಡರು. ಬಿಚ್ಚಿದರೆ ಬೂದಿ ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು, ಹುಣಸೆ ಗಿಡಕ್ಕೆ ಕಾಯಿ ಜೋತ ಹಾಗೆ ಅವಕ್ಕೆ ಜೋತಿರುವ ಇನ್ನೂರಾ ಹದಿನಾಲ್ಕು ತುಣುಕು. ಅವನ್ನು ಉಗುರು ಕಟರಿನಿಂದ ಕತ್ತರಿಸಿ, ಅಂಚು ತಿಕ್ಕಿ, ಸೂಜಿಯ ತುದಿಗೆ ಅಂಟು ತಗೊಂಡು ಒಂದೊಂದೇ ಕೂಡಿಸಬೇಕು. ಒಂದು ತೋಪು ಜೀರಿಗೆ ಕಾಳಿಗಿಂತ ಕೊಂಚ ಉದ್ದ. ತೋಪು ಮೂರು ಸೇರಿ ಒಂದು ಗುಂಪು, ಗುಂಪು ಮೂರು. ಗುಂಪುಗಳನ್ನು ಮಾತ್ರ ಅಂಟಿಸುವಂತಿಲ್ಲ, ತೂತಿನಲ್ಲಿ ಕೂಡಿಸಿದರೆ ಅತ್ತ ಇತ್ತ ತಿರುಗುತ್ತವೆ.

ಬಣ್ಣ ಅಪ್ಪನ ಅಂಗಡಿಯದು. ಗೋಕಾಕದಿಂದ ಕೌಜಲಗಿಯವರೆಗೆ ಎಲ್ಲ ಕಿಟಕಿ ಸರಳಿಗೆ ಹಚ್ಚುವ ಅದೇ ಬೂದಿ ಬಣ್ಣವನ್ನು ಟರ್ಪಂಟೈನಿನಲ್ಲಿ ತೆಳು ಮಾಡಿ, ಒಂದು ಪದರು ಹಚ್ಚಿ, ಎರಡು ದಿನ ಒಣಗಿಸಿ, ಮೇಲೆ ಮತ್ತೊಂದು ಪದರು. ಬ್ರಶ್ಶಿನ ಕೂದಲು ಯಾವ ಪ್ರಾಣಿಯದು ಎಂದು ಆಯಿ ಕೇಳಿದಳು. ತೃಪ್ತಿ ತನ್ನ ಜಡೆಯ ತುದಿ ಕತ್ತರಿಸಿ, ಕಡ್ಡಿಗೆ ದಾರ ಸುತ್ತಿ ಕಟ್ಟಿ, ನಂದs ಐತಿ ಆಯಿ, ನನಗ ಏನೂ ನೋವಾಗಲಿಲ್ಲ, ಅಂದಳು.

ಹನ್ನೊಂದು ತಿಂಗಳು ಹಿಡಿಯಿತು.

೪

ಇಲ್ಲಿ ಒಂದು ಧರ್ಮಸೂಕ್ಷ್ಮ ಬರುತ್ತದೆ. ಅವಸರ ಇದ್ದವರು ಐದಕ್ಕೆ ಹೋಗಬಹುದು. (ಹೋಗಬೇಡಿ. ಮುಂದೆ ತಿಳಿಯುವುದಿಲ್ಲ.)

ಬಸದಿಯಲ್ಲಿ ನಾವೆಲ್ಲ ಕೇಳಿದ ಹಿಟ್ಟಿನ ಕೋಳಿಯ ಸಂಗತಿ ನಿಮಗೂ ಗೊತ್ತಿರಬಹುದು. ಜೀವದ ಕೋಳಿ ಕಡಿಯುವುದು ಪಾಪವೆಂದು ಹಿಟ್ಟಿನ ಕೋಳಿ ಮಾಡಿ ಕಡಿದರು. ಕೋಳಿ ಅಷ್ಟು ಚೆಲುವಾಗಿತ್ತು, ಅದಕ್ಕೆ ಮನಸೋತು ಒಂದು ಜೀವ ಒಳಗೆ ಹೊಕ್ಕುಬಿಟ್ಟಿತು, ಕಡಿದವರು ಜನ್ಮ ಜನ್ಮ ತಿರುಗಿದರು. ಆಯಿ ಇದನ್ನು ಅರವತ್ತು ವರ್ಷ ಕೇಳಿದ್ದಾಳೆ. ಹಿಟ್ಟಿನ ಕೋಳಿ ಕೋಳಿಯಾದರೆ ಪ್ಲಾಸ್ಟಿಕ್ಕಿನ ತೋಪು ತೋಪೇ ಎಂಬುದು ಅವಳ ವಾದ. ಆಯುಧ ಮಾಡುವುದು, ಕೊಡುವುದು, ಇಡುವುದು ಶ್ರಾವಕರಿಗೆ, ಅಂದರೆ ಸಂಸಾರಸ್ಥ ಜೈನರಿಗೆ, ಸಲ್ಲ.

ಗುಂಡು ಎಲ್ಲಿ ಹಾರತೈತಿ ಆಯಿ, ಒಳಗ ತೂತs ಇಲ್ಲ, ಅಂದಳು ತೃಪ್ತಿ.

“ತೂತ ಬ್ಯಾಡವ್ವ, ಜೀವ ಹೋಗಾಕ ಹಾದಿ ಹುಡಿಕ್ಕೊಂತೈತಿ. ಒಂದ ಮಾತ ಕೇಳು. ಅಷ್ಟ ಚಂದ ಬಣ್ಣ ಹಚ್ಚಬ್ಯಾಡ.”

ತನ್ನ ಕೆಲಸಕ್ಕೆ ಆ ಮನೆಯಲ್ಲಿ ಸಿಕ್ಕ ಮೊದಲ ಮೆಚ್ಚುಗೆ ಇದು ಎಂದು ತೃಪ್ತಿಗೆ ಗೊತ್ತಾಯಿತು. ಆಯಿಗೆ ಗೊತ್ತಾಗಲಿಲ್ಲ. ಮರುದಿನ ತೃಪ್ತಿ ಇನ್ನೂ ಒಂದು ಪದರು ಹಚ್ಚಿದಳು.

೫

ಕಣಗಲಾ ಊರಿನಿಂದ ಒಂದು ಮನೆತನದವರು ಕನ್ಯಾ ನೋಡಲು ಬರುತ್ತೇವೆ ಅಂತ ಹೇಳಿಕಳಿಸಿದರು.

ನಮ್ಮ ಕಡೆ ಕನ್ಯಾ ನೋಡುವುದು ಅಂದರೆ ಕನ್ಯೆಯನ್ನು ಕಾಲು ಪಾಲು ನೋಡುವುದು, ಮುಕ್ಕಾಲು ಪಾಲು ಷೋಕೇಸು ನೋಡುವುದು. ಅದರೊಳಗೆ ಹುಡುಗಿಯ ಕೈಗೆಲಸ ಇಟ್ಟಿರಬೇಕು. ಶಾಂತಿನಾಥನ ಮನೆಯಲ್ಲಿ ಮಣಿ ಪೋಣಿಸಿದ ಒಂದು ಹಂಸ ಇದೆ. ಅದನ್ನು ಮಾಡಿದವಳು ಶಾಂತಿನಾಥನ ತಂಗಿ, ೧೯೭೯ರಲ್ಲಿ. ಅಲ್ಲಿಂದೀಚೆಗೆ ಓಣಿಯಲ್ಲಿ ಯಾರ ಮನೆಗೆ ಬೀಗರು ಬಂದರೂ ಹಂಸ ಅಲ್ಲಿ ಹೋಗಿ ಕೂಡುತ್ತದೆ. ಆರು ಮದುವೆ ಮಾಡಿಸಿದೆ. ಆರೂ ಮನೆಯ ಅತ್ತೆಯರು ಸೊಸೆಗೆ, ಇನ್ನೊಂದು ಮಾಡವ್ವ, ಅಂತ ಇಂದಿಗೂ ಕೇಳುತ್ತಿದ್ದಾರೆ.

ತೃಪ್ತಿ ಒಂದೇ ಮಾತು ಹೇಳಿದಳು. ಹಂಸ ಬೇಡ. ಹಡಗು ಇಡಬೇಕು, ತೋಪು ಸಹಿತ. ಯಾರು ಮಾಡಿದ್ದು ಅಂತ ಕೇಳಿದರೆ, ನಮ್ಮ ತೃಪ್ತಿ ಮಾಡಿದ್ದು, ಅಂತ ಅಪ್ಪ ಹೇಳಬೇಕು. ಇಷ್ಟಾದರೆ ಸೀರೆ ಉಟ್ಟು ಬರುತ್ತೇನೆ. ಇಲ್ಲದಿದ್ದರೆ ಹಂಸವನ್ನೇ ಕೊಟ್ಟು ಕಳಿಸಿರಿ.

ಶಾಂತಿನಾಥ ತಲೆ ಅಲ್ಲಾಡಿಸಿದ. (ಓದುಗರಲ್ಲಿ ಅರಿಕೆ: ನಮ್ಮಲ್ಲಿ ತಲೆ ಅಲ್ಲಾಡಿಸುವುದು ಅಂದರೆ ಒಪ್ಪಿದೆ ಅಂತಲ್ಲ, ಕೇಳಿಸಿತು ಅಂತ.)

೬

ಈಗ ವರನನ್ನು ಕಥೆಯೊಳಗೆ ತರಬೇಕು. ಹೆಸರು ಅಭಿನಂದನ. ಮೊದಲು ಅವನನ್ನು ಹುಕ್ಕೇರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನನ್ನಾಗಿ ಮಾಡಿದ್ದೆ. ಸಣ್ಣ ಸ್ಕ್ರೂ, ಚಿಮಟಾ, ಭೂತಗನ್ನಡಿ. ಹಡಗು ನೋಡುತ್ತಲೇ ಅವನ ಕಣ್ಣು ಅರಳಬೇಕು, ಇಬ್ಬರ ಕೈ ಒಂದೇ ಚಿಮಟಾಕ್ಕೆ ಚಾಚಬೇಕು, ಇತ್ಯಾದಿ.

ತೃಪ್ತಿ ತಕರಾರು ತೆಗೆದಳು. “ಇಷ್ಟ ಸರಳ ಕೂಡಿಸಬ್ಯಾಡ್ರಿ. ಸಂದು ಕಾಣತೈತಿ.”

ಅವಳ ಕಸುಬಿನಲ್ಲಿ ಎರಡು ತುಣುಕು ಕೂಡಿದ ಗೆರೆ ಕಂಡರೆ ಮರ್ಯಾದೆ ಹೋಯಿತು ಅಂತ ಲೆಕ್ಕ. ನಾನು ಅಭಿನಂದನನ ಅಂಗಡಿ ಮುಚ್ಚಿಸಿದೆ. ಈಗ ಅವನು ಅಪ್ಪ ರಾಜಪ್ಪನ ತಂಬಾಕಿನ ಗೋದಾಮು ನೋಡಿಕೊಳ್ಳುವವ. ಬಿಳಿ ಪ್ಯಾಂಟು, ಬಿಳಿ ಅಂಗಿ, ಮಾತು ಕಡಿಮೆ. ಮನೆತನ ಕಟ್ಟಾ ಧಾರ್ಮಿಕ. ನೆಲದಡಿಯ ಗಡ್ಡೆ ತಿನ್ನುವುದಿಲ್ಲ, ಅದರಲ್ಲಿ ಜೀವ ಇರುತ್ತವೆ. ತಂಬಾಕು ನೆಲದ ಮೇಲೆ ಬೆಳೆಯುವುದರಿಂದ ತೊಂದರೆ ಇಲ್ಲ.

೭

ರವಿವಾರ ಮುಂಜಾನೆ ಹತ್ತಕ್ಕೆ ಕಣಗಲಾದ ಜೀಪು ಬಂತು. ತೃಪ್ತಿ ಒಳಗೆ ಸೀರೆ ಉಡುತ್ತಿದ್ದಳು. ಹೊರಗೆ ಶಾಂತಿನಾಥ ಷೋಕೇಸಿನ ಮುಂದೆ ನಿಂತು ಬೆವೆತ. ತಂಬಾಕಿನ ರಾಜಪ್ಪ ತೋಪು ನೋಡಿದರೆ ಏನಂದಾನು? ಆ ಗಳಿಗೆಯಲ್ಲಿ ಅವನು ಮಾಡಿದ್ದನ್ನು ಜೈನರ ಮನೆಯ, ಅದರಲ್ಲೂ ಪೇಂಟಿನಂಗಡಿಯ ಮನುಷ್ಯನೊಬ್ಬನೇ ಮಾಡಬಲ್ಲ.

ತೋಪಿನ ಮೂರೂ ಗುಂಪು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡ. ತೂತು ಬರಿದಾಗಿ ಕಂಡವು. ಅಡಿಗೆಮನೆಯಿಂದ ಮೂರು ಲವಂಗ ತಂದ, ಬಂಗಾರ ಬಣ್ಣದ ಡಬ್ಬಿಯಲ್ಲಿ ಅದ್ದಿ ತೂತಿಗೆ ಚುಚ್ಚಿದ. ಲವಂಗದ ಮೊಗ್ಗು ಮೇಲೆ ಬಂದು ಥೇಟ್ ಗುಡಿಯ ಕಳಶ. ಕೈ ಹತ್ತಿದ ಮೇಲೆ ಸುಮ್ಮನೆ ಇರಲಾಗಲಿಲ್ಲ. ಜೈನರ ಐದು ಬಣ್ಣದ ಒಂದು ಕಾಗದದ ಧ್ವಜವನ್ನೂ ಪಟಸ್ತಂಭಕ್ಕೆ ಅಂಟಿಸಿದ.

ಒಳಗೆ ಬಂದ ರಾಜಪ್ಪ ಜೈ ಜಿನೇಂದ್ರ ಅಂದ, ಕೂತ, ಷೋಕೇಸು ನೋಡಿದ, ಎದ್ದು ನಿಂತ. ಟೋಪಿ ತೆಗೆದು ಎರಡೂ ಕೈ ಮುಗಿದ. ಅವನ ಹೆಂಡತಿ ಸೆರಗು ತಲೆಗೆ ಹೊದ್ದು ಮುಗಿದಳು. ಅಭಿನಂದನ ಬೂಟು ಆಗಲೇ ಬಿಚ್ಚಿದ್ದ, ಸಾಕ್ಸ್ ಕೂಡ ಕಳಚಿದ. ಆಯಿಯ ಕಣ್ಣಿಗೆ ದೂರದ್ದು ಅಷ್ಟಾಗಿ ಕಾಣುವುದಿಲ್ಲ. ಬೀಗರು ಮುಗಿದರಲ್ಲ ಎಂದು ತಾನೂ ಮುಗಿದಳು.

ಯಾವ ಕ್ಷೇತ್ರದ ಬಸದಿ ಇದು ಎಂದು ರಾಜಪ್ಪ ಕೇಳಿದ. ನೀರಿನಲ್ಲಿ ಕಟ್ಟಿದ ಬಸದಿ ಅಂತ ಎಲ್ಲೋ ಕೇಳಿದ್ದೆ, ಭೆಟ್ಟಿ ಕೊಡೋದು ಆಗಿರಲಿಲ್ಲ ಅಂದ.

ಶಾಂತಿನಾಥ ಸುಳ್ಳು ಹೇಳುವವನಲ್ಲ, ವ್ರತ ಇದೆ. ಖರೆ ಹೇಳುವ ಧೈರ್ಯಕ್ಕೆ ಯಾವ ವ್ರತವೂ ಇರಲಿಲ್ಲ. ಅವನು ತಲೆ ಅಲ್ಲಾಡಿಸಿದ.

೮

(ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ನನ್ನ ಹತ್ತಿರ ಒಂದು ಸುಖದ ದಾರಿ ಇತ್ತು. ತೃಪ್ತಿ ಚಹಾ ತಂದು, ಧ್ವಜ ನೋಡಿ, ನುಂಗಿಕೊಂಡು ಸುಮ್ಮನಿರುತ್ತಾಳೆ. ಮದುವೆ ಆಗುತ್ತದೆ. ಹಡಗು ಕಣಗಲಾದ ದೇವರ ಕೋಣೆ ಸೇರುತ್ತದೆ, ದಿನಾ ಆರತಿ. ಓದುಗರು ನಗುತ್ತಾರೆ. ಈ ದಾರಿಯನ್ನು ಅವಳಿಗೆ ಓದಿ ಹೇಳಿದೆ.

“ನೀವು ಹೂಂ ಅನ್ನಾಕ ಛಲೋ, ಕಾಕಾ,” ಅಂದಳು. “ಇದನ್ನ ನಾ ಹೇಳತೇನಿ.”)

೯

ತೃಪ್ತಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಕೈ ಮುಗಿದ ನಾಲ್ವರನ್ನು ನೋಡಿದಳು, ಬಂಗಾರದ ಲವಂಗ ನೋಡಿದಳು, ಕಿಸೆಯನ್ನು ಒತ್ತಿ ಹಿಡಿದ ಅಪ್ಪನ ಕೈ ನೋಡಿದಳು. ತಟ್ಟೆಯನ್ನು ಕೆಳಗಿಟ್ಟಳು.

“ಅದು ಬಸದಿ ಅಲ್ರಿ. ಯುದ್ಧದ ಹಡಗು. ಹನ್ನೊಂದು ತಿಂಗಳು ಕುಂತು ನಾನs ಮಾಡೇನಿ. ತೋಪು ಅಪ್ಪನ ಕಿಸೆದಾಗ ಅದಾವ.”

ರಾಜಪ್ಪನ ಕೈ ಮುಗಿದದ್ದು ಮುಗಿದ ಹಾಗೇ ಇತ್ತು. ಬಿಡಿಸಿದರೆ ಇಷ್ಟು ಹೊತ್ತು ಮುಗಿದದ್ದು ಯಾರಿಗೆ ಎಂಬ ಪ್ರಶ್ನೆ, ಬಿಡಿಸದಿದ್ದರೆ ಈಗ ಮುಗಿಯುತ್ತಿರುವುದು ಯಾರಿಗೆ ಎಂಬ ಪ್ರಶ್ನೆ. ಅವನ ಹೆಂಡತಿ ಮೆಲ್ಲಗೆ, ನಡೀರಿ ಏಳೂಣು, ಅಂದಳು. ಶಾಂತಿನಾಥ ಗೋಡೆಯ ಬಣ್ಣದೊಂದಿಗೆ ಬೆರೆಯುವ ಪ್ರಯತ್ನದಲ್ಲಿದ್ದ.

ಎದ್ದವಳು ಆಯಿ. ಷೋಕೇಸಿನ ಗಾಜಿಗೆ ಮೂಗು ಹಚ್ಚಿ ನೋಡಿದಳು. ಆಮೇಲೆ ಮಗನ ಕಡೆ ತಿರುಗಿದಳು.

“ತೋಪು ಇಟ್ಟಿದ್ರ ಇಟ್ಟವರಿಗೆ ಒಂದ ಪಾಪ ಇತ್ತು. ನೀ ಕಳಶ ಇಟ್ಟು ನನ್ನ ಕಡಿಂದ ಕೈ ಮುಗಿಸಿದಿ. ಇದಕ್ಕ ನಾ ಯಾವ ಗುರುಗಳ ಮುಂದ ಏನಂತ ಹೇಳಲಿ? ತಗಿ ಕಿಸೆದಾಗಿಂದು. ಕೂಡಸವ್ವ ತೃಪ್ತಿ, ಎಲ್ಲೆಲ್ಲಿ ಇದ್ದುವೋ ಅಲ್ಲಲ್ಲೇ. ಏನೈತೋ ಅದs ಕಾಣಲಿ.”

ಶಾಂತಿನಾಥ ಕಿಸೆಗೆ ಕೈ ಹಾಕಿದ. ಎಲ್ಲರೂ ನೋಡುತ್ತಿದ್ದರು. ಅಂಗೈ ಬಿಚ್ಚಿದ. ಮೂರು ಗುಂಪು ಇದ್ದವು. ತೃಪ್ತಿ ಬೆರಳಿನಿಂದ ಎಣಿಸಿದಳು. ತೋಪು ಎಂಟು.

ಯಾರು ಮಾಡಿದ್ದು ಅಂತ ಯಾರೂ ಇನ್ನೂ ಕೇಳಿರಲಿಲ್ಲ. ಆದರೂ ಶಾಂತಿನಾಥ ತುಂಡಾದ ಗುಂಪನ್ನು ಮಗಳ ಕೈಗೆ ಇಡುತ್ತ ರಾಜಪ್ಪನಿಗೆ ಹೇಳಿದ, “ನಮ್ಮ ತೃಪ್ತಿ ಮಾಡಿದ್ದರಿ ಇದು. ನಾ ಮುರದೆ.”

೧೦

ಮುಕ್ತಾಯಗಳು. ಬೇಕಾದದ್ದು ಆರಿಸಿಕೊಳ್ಳಿ ಅಂತ ಮೂರು ಬರೆದಿಟ್ಟಿದ್ದೆ.

ಒಂದು: ಕಣಗಲಾದವರು ಚಹಾ ಕುಡಿಯದೆ ಹೋಗುತ್ತಾರೆ. (ಆಗುವ ಮಾತಲ್ಲ. ಹೋಗುವವರೂ ಚಹಾ ಕುಡಿದೇ ಹೋಗುತ್ತಾರೆ.)

ಎರಡು: ಅಭಿನಂದನ, ನನಗೆ ಇಂಥ ಖರೆ ಮಾತಾಡುವ ಹುಡುಗಿಯೇ ಬೇಕಾಗಿತ್ತು, ಎನ್ನುತ್ತಾನೆ. (ಅವನಿಗೆ ಕೇಳಿದೆ. ನಾ ಹಂಗ ಎಲ್ಲಾರ ಮುಂದ ಮಾತಾಡೂ ಪೈಕಿ ಅಲ್ರಿ, ಅಂದ.)

ಮೂರು: ಹಂಸ ತನ್ನಷ್ಟಕ್ಕೆ ಹಾರಿ ಷೋಕೇಸಿಗೆ ಬಂದು ಕೂಡುತ್ತದೆ. (ಇಂಥವನ್ನು ಬರೆದರೆ ಪ್ರಶಸ್ತಿ ಬರುತ್ತದೆ ಎಂದು ಕೇಳಿದ್ದೇನೆ.)

ಮೂರನ್ನೂ ತೃಪ್ತಿ ಓದಲಿಲ್ಲ. ಪುರುಸೊತ್ತಿಲ್ಲ ಅಂದಳು, ಒಂಬತ್ತನೇದು ಸಿಗಬೇಕು ಮೊದಲು.

ಹಾಗಾಗಿ ಕಥೆ ಎಲ್ಲಿದೆಯೋ ಅಲ್ಲಿದೆ. ಅಭಿನಂದನ ಬಿಳಿ ಪ್ಯಾಂಟಿನ ಮೊಣಕಾಲೂರಿ ಮಂಚದ ಕೆಳಗೆ ಬಗ್ಗಿದ್ದಾನೆ. ರಾಜಪ್ಪ ಕೊನೆಗೂ ಕೈ ಬಿಡಿಸಿ, ಜಮಖಾನೆಯ ಅಂಚು ಎತ್ತಿ ನೋಡುತ್ತಿದ್ದಾನೆ. ಅವನ ಹೆಂಡತಿ ಚಹಾದ ತಟ್ಟೆಯ ಸುತ್ತ ಬೆರಳಾಡಿಸುತ್ತಿದ್ದಾಳೆ. ಹೆಜ್ಜೆ ಇಡುವ ಮೊದಲು ನೆಲ ನೋಡುವ ಅಭ್ಯಾಸ ಹುಟ್ಟಿನಿಂದ ಇದ್ದ ಮಂದಿ. ಜೀರಿಗೆಗಿಂತ ಕೊಂಚ ಉದ್ದದ, ಕಿಟಕಿ ಸರಳಿನ ಬಣ್ಣದ ಒಂದು ತೋಪನ್ನು ಇವರ ಹಾಗೆ ಹುಡುಕುವವರು ಯಾವ ನೌಕಾದಳದಲ್ಲೂ ಸಿಗಲಿಕ್ಕಿಲ್ಲ.

ಸಿಕ್ಕಿತೇ? ಮದುವೆ ಆಯಿತೇ? ನೀವು ಕೇಳುತ್ತಿದ್ದೀರಿ, ನಾನೂ ಬಾಗಿಲಿಂದ ಒಂದು ಹೆಜ್ಜೆ ಮುಂದೆ ಬಂದು ಕೇಳುವವನಿದ್ದೆ. ತೃಪ್ತಿ ತಲೆ ಎತ್ತದೆ ಕೈ ಮಾಡಿ ತಡೆದಳು.

“ಅಲ್ಲೇ ನಿಂದರ್ರಿ. ಯಾರೂ ಕಾಲ ಎತ್ತಬ್ಯಾಡ್ರಿ.”

ನಿಂತಿದ್ದೇನೆ. ನೀವೂ ಒಂಚೂರು ನೋಡಿಕೊಳ್ಳಿ, ಕಾಲ ಕೆಳಗೆ.